ಪಾಠ ಕಟ್ಟುವ ಮುನ್ನ: ಬೋಧನಾ ವಿನ್ಯಾಸದ ಕಲಿಕೆಯಲ್ಲಿ ಸಮಸ್ಯೆಯ ಸ್ಥಾನ



ಪಾಠವನ್ನೋ ತರಬೇತಿಯನ್ನೋ ವ್ಯವಸ್ಥಿತವಾಗಿ ರೂಪಿಸುವುದು ಹೇಗೆ ಎಂಬುದನ್ನೇ ಒಂದು ವಿಷಯವಾಗಿ ಕಲಿಸುವ ಕೋರ್ಸುಗಳು ಈಗ ನಮ್ಮಲ್ಲಿ ಸಾಕಷ್ಟಿವೆ. ಶಿಕ್ಷಣ ವಿಭಾಗಗಳಲ್ಲಿ ಅದು ಶೈಕ್ಷಣಿಕ ತಂತ್ರಜ್ಞಾನದ ಒಂದು ಪತ್ರಿಕೆ, ಬೆಂಗಳೂರಿನ ಕಂಪನಿಗಳಲ್ಲಿ ಇನ್‌ಸ್ಟ್ರಕ್ಷನಲ್ ಡಿಸೈನರ್ ಎಂಬ ಹುದ್ದೆ, ಬಿ.ಎಡ್. ತರಗತಿಯಲ್ಲಿ ಪಾಠಯೋಜನೆ. ಕಲಿಸುವ ಕ್ರಮ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ವಿಶ್ಲೇಷಣೆ, ವಿನ್ಯಾಸ, ಅಭಿವೃದ್ಧಿ, ಅನುಷ್ಠಾನ, ಮೌಲ್ಯಮಾಪನ ಎಂಬ ಐದು ಹಂತಗಳನ್ನು ಮೊದಲು ಬೋರ್ಡಿನ ಮೇಲೆ ಬರೆಯುತ್ತಾರೆ. ಒಂದೊಂದು ಹಂತಕ್ಕೆ ಒಂದೊಂದು ಘಟಕ. ಕೊನೆಗೆ, ನಿಮಗಿಷ್ಟವಾದ ವಿಷಯ ಆರಿಸಿಕೊಂಡು ಒಂದು ಮಾಡ್ಯೂಲ್ ಮಾಡಿಕೊಂಡು ಬನ್ನಿ ಎಂಬ ಅಸೈನ್‌ಮೆಂಟ್. ತೊಡಕಿರುವುದು ಈ ಅಸೈನ್‌ಮೆಂಟಿನಲ್ಲಿ. ವಿಶ್ಲೇಷಣೆಯ ಹಂತದಲ್ಲಿ ಕೇಳಬೇಕಾದ ಮೊಟ್ಟಮೊದಲ ಪ್ರಶ್ನೆ, ಇಲ್ಲಿ ಪಾಠ ಬೇಕೇ ಎಂಬುದು. ಅಸೈನ್‌ಮೆಂಟ್ ಅದಕ್ಕೆ ಆಗಲೇ ಹೌದೆಂದು ಉತ್ತರ ಕೊಟ್ಟಾಗಿದೆ. ಕಲಿಯುವವರು ಯಾರು, ಅವರಿಗೆ ಏನು ಬಾರದು, ಏಕೆ ಬಾರದು ಎಂಬುದನ್ನೆಲ್ಲ ವಿದ್ಯಾರ್ಥಿ ತಾನೇ ಕಲ್ಪಿಸಿಕೊಳ್ಳುತ್ತಾನೆ; ಆ ಕಲ್ಪನೆಗೆ ಒಪ್ಪುವ ಪಾಠ ಬರೆಯುತ್ತಾನೆ; ಪಾಠಕ್ಕೆ ಒಪ್ಪುವ ವಿಶ್ಲೇಷಣೆಯನ್ನು ಆಮೇಲೆ ತುಂಬುತ್ತಾನೆ. ಹಂತಗಳ ಹೆಸರು ಬಾಯಿಪಾಠವಾಗುತ್ತದೆ, ವಿನ್ಯಾಸ ನಡೆದಿರುವುದಿಲ್ಲ. ಈ ವಿದ್ಯೆಯನ್ನು ಸಮಸ್ಯೆಯಿಂದಲೇ ಶುರುಮಾಡಿ ಕಲಿಸಬೇಕು, ಮತ್ತು ಕೊಡುವ ಸಮಸ್ಯೆಗಳಲ್ಲಿ ಕೆಲವಾದರೂ ಪಾಠದಲ್ಲಿ ಮುಗಿಯದಂಥವಾಗಿರಬೇಕು ಎಂಬುದು ನನ್ನ ವಾದ. ಮೊದಲ ಭಾಗವನ್ನು ಒಪ್ಪಿ ಎರಡನೆಯದನ್ನು ಮರೆಯುವವರು ಬಹಳ ಮಂದಿ. ಎರಡನೆಯದಿಲ್ಲದ ಮೊದಲನೆಯದಕ್ಕೆ ನನ್ನ ಮಟ್ಟಿಗೆ ಹೆಚ್ಚು ಬೆಲೆಯಿಲ್ಲ.

ಐದು ಹಂತಗಳ ಕ್ರಮ ಹುಟ್ಟಿದ ಜಾಗವನ್ನು ನೋಡಿದರೆ ಅದರ ಗುಣವೂ ಮಿತಿಯೂ ಒಟ್ಟಿಗೆ ಅರ್ಥವಾಗುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಅಲ್ಪಕಾಲದಲ್ಲಿ ಲಕ್ಷಾಂತರ ಮಂದಿಯನ್ನು ಹೊಸ ಕೆಲಸಗಳಿಗೆ ತಯಾರು ಮಾಡಬೇಕಾಯಿತು. ರಾಬರ್ಟ್ ಗಾನ್ಯೆ ಮೊದಲಾದ ಮನೋವಿಜ್ಞಾನಿಗಳು ಸೇನೆಯ ಆ ಅನುಭವದಿಂದಲೇ ಕಲಿಕೆಯ ಸಿದ್ಧಾಂತಕ್ಕೆ ಬಂದವರು. ಬೋಧನೆಯ ಉದ್ದೇಶವನ್ನು ಅಳೆಯಬಲ್ಲ ವರ್ತನೆಯಾಗಿ ಬರೆಯುವುದು ಹೇಗೆಂದು ರಾಬರ್ಟ್ ಮೇಗರ್ 1962ರಲ್ಲಿ ಪುಸ್ತಕ ಬರೆದರು; ಗಾನ್ಯೆಯವರ ಮುಖ್ಯ ಗ್ರಂಥ 1965ರದು. ಆ್ಯಡಿ ಎಂದು ಈಗ ಎಲ್ಲರ ಬಾಯಲ್ಲಿರುವ ಈ ಐದು ಹಂತಗಳ ಮಾದರಿಯ ಮೂಲ, ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ 1975ರಲ್ಲಿ ಸೇನೆಗಾಗಿ ಸಿದ್ಧಪಡಿಸಿದ ಕಾರ್ಯವಿಧಾನ. ಡಿಕ್ ಮತ್ತು ಕ್ಯಾರಿ ಅವರ ಪಠ್ಯಪುಸ್ತಕ 1978ರಲ್ಲಿ ಬಂದು ಆ ಬಗೆಯ ಕ್ರಮವನ್ನು ಕಾಲೇಜುಗಳಿಗೆ ತಂದಿತು. ಪಾಠ ರಚಿಸಿ ಅಭ್ಯಾಸವಿಲ್ಲದವರೂ ಕೈಪಿಡಿ ನೋಡಿಕೊಂಡು ಒಪ್ಪುವಂಥ ತರಬೇತಿ ರೂಪಿಸಬೇಕು ಎಂಬ ಅಗತ್ಯಕ್ಕೆ ಅದು ತಕ್ಕ ಉತ್ತರವೇ ಆಗಿತ್ತು. ಆದರೆ ಸೇನೆಗೆ ರೇಡಿಯೋ ಆಪರೇಟರ್ ಬೇಕೇ ಬೇಡವೇ ಎಂದು ಪಾಠ ಬರೆಯುವವನು ಕೇಳಬೇಕಾಗಿರಲಿಲ್ಲ. ಅದನ್ನು ಮೇಲಿನವರು ತೀರ್ಮಾನಿಸಿದ್ದರು. ಸೇನೆಯ ಹೊರಗೆ ಆ ತೀರ್ಮಾನ ಅಷ್ಟು ಸಲೀಸಲ್ಲ ಎಂಬುದು ಇದೇ ಶಾಸ್ತ್ರದ ಹಿರಿಯರಿಗೆ ಬೇಗ ಗೊತ್ತಾಯಿತು. ಮೇಗರ್ ಅವರೇ ಪೀಟರ್ ಪೈಪ್ ಜೊತೆ 1970ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಕಠೋರ ಪರೀಕ್ಷೆ ಸೂಚಿಸಿದರು: ಪ್ರಾಣಕ್ಕೆ ಕುತ್ತು ಬಂದರೆ ಈತ ಈ ಕೆಲಸವನ್ನು ಮಾಡಬಲ್ಲನೇ? ಮಾಡಬಲ್ಲ ಎಂದಾದರೆ ಅವನಿಗೆ ಕೆಲಸ ಬರುತ್ತದೆ. ಕೊರತೆ ಇರುವುದು ಬೇರೆಡೆ, ತರಬೇತಿಯಿಂದ ಅದು ತುಂಬುವುದಿಲ್ಲ. ಥಾಮಸ್ ಗಿಲ್ಬರ್ಟ್ 1978ರಲ್ಲಿ ಇದನ್ನೇ ಇನ್ನಷ್ಟು ಮುಂದಕ್ಕೊಯ್ದು ಉಪಕರಣ, ಮಾಹಿತಿ, ಪ್ರತಿಫಲ ಇವುಗಳನ್ನು ಮೊದಲು ನೋಡಿ ಎಂದರು. ನಮ್ಮ ಪಠ್ಯಕ್ರಮಗಳು ಮೇಗರ್ ಅವರ ಮೊದಲ ಪುಸ್ತಕವನ್ನು ತೆಗೆದುಕೊಂಡವು, ಎರಡನೆಯದನ್ನು ಬಿಟ್ಟವು.

ನುರಿತವರು ನಿಜಕ್ಕೂ ಹೇಗೆ ಕೆಲಸ ಮಾಡುತ್ತಾರೆ ಎಂಬುದಕ್ಕೆ ಗಾರ್ಡನ್ ರೋಲೆಂಡ್ 1992ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ ಸಾಕ್ಷಿ. ನುರಿತ ವಿನ್ಯಾಸಕರಿಗೂ ಹೊಸಬರಿಗೂ ಒಂದೇ ಕೆಲಸ ಕೊಟ್ಟು, ಯೋಚಿಸುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ ಎಂದರು. ಹೊಸಬರು ಕೊಟ್ಟ ವಿವರಗಳನ್ನೇ ಪೂರ್ಣ ಸಮಸ್ಯೆಯೆಂದು ನಂಬಿ ಬೇಗನೆ ಪಾಠದ ರಚನೆಗೆ ಇಳಿದರು. ನುರಿತವರು ಸಮಸ್ಯೆಯೇ ಸರಿಯಾಗಿ ಹೇಳಲ್ಪಟ್ಟಿಲ್ಲ ಎಂಬ ಅನುಮಾನದಿಂದ ಶುರುಮಾಡಿದರು. ಅದನ್ನು ಬಿಡಿಸಿ ನೋಡಲು ಹೆಚ್ಚು ಹೊತ್ತು ತೆಗೆದುಕೊಂಡರು. ತರಬೇತಿಯಲ್ಲದ ಪರಿಹಾರಗಳನ್ನೂ ಎದುರಿಗಿಟ್ಟುಕೊಂಡರು. ಸಣ್ಣ ಅಧ್ಯಯನವಿದು, ಇದೊಂದರ ಮೇಲೆಯೇ ಇಡೀ ಪಠ್ಯಕ್ರಮ ನಿಲ್ಲಿಸಲಾಗದು. ಆದರೆ ಹರ್ಬರ್ಟ್ ಸೈಮನ್ 1973ರಲ್ಲಿ ಅವ್ಯವಸ್ಥಿತ ಸಮಸ್ಯೆಗಳ ಬಗ್ಗೆ ಬರೆದದ್ದಕ್ಕೂ, ಅದೇ ವರ್ಷ ರಿಟ್ಟೆಲ್ ಮತ್ತು ವೆಬ್ಬರ್ ಸಾರ್ವಜನಿಕ ಯೋಜನೆಯ ಸಮಸ್ಯೆಗಳ ಬಗ್ಗೆ ವಾದಿಸಿದ್ದಕ್ಕೂ ಇದು ತಾಳೆಯಾಗುತ್ತದೆ: ಇಂಥ ಕೆಲಸದಲ್ಲಿ ಸಮಸ್ಯೆಯನ್ನು ಹೇಳುವುದೂ ಪರಿಹಾರ ಹುಡುಕುವುದೂ ಎರಡು ಬೇರೆ ಘಟ್ಟಗಳಲ್ಲ. ನುರಿತವರ ಕೌಶಲವಿರುವುದು ಸಮಸ್ಯೆಯನ್ನು ಹೇಳಿಕೊಳ್ಳುವುದರಲ್ಲಿ ಎಂದಾದರೆ, ಸಮಸ್ಯೆಯನ್ನೇ ಕೊಡದ ಕೋರ್ಸು ಅದನ್ನು ಕಲಿಸುವುದು ಹೇಗೆ?

ಸಮಸ್ಯಾಧಾರಿತ ಕಲಿಕೆ ಇದೇ ಬಗೆಯ ಅಸಮಾಧಾನದಿಂದ ಬೇರೊಂದು ಕ್ಷೇತ್ರದಲ್ಲಿ ಹುಟ್ಟಿತು. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಹೊಸ ವೈದ್ಯಕೀಯ ಕಾಲೇಜು 1969ರಲ್ಲಿ ತನ್ನ ಮೊದಲ ತಂಡವಾಗಿ 20 ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಎಂದು ವರ್ಷಗಟ್ಟಲೆ ಓದಿ ಆಮೇಲೆ ರೋಗಿಯನ್ನು ನೋಡುವ ಬದಲು, ಮೊದಲ ವಾರದಿಂದಲೇ ರೋಗಿಯ ಸಮಸ್ಯೆ ಹಿಡಿದು, ಅದಕ್ಕೆ ಬೇಕಾದಷ್ಟು ವಿಜ್ಞಾನವನ್ನು ಹುಡುಕಿಕೊಂಡು ಓದುವುದು ಅಲ್ಲಿನ ಕ್ರಮ. ನರರೋಗ ತಜ್ಞ ಹೋವರ್ಡ್ ಬ್ಯಾರೋಸ್ ರಾಬಿನ್ ಟ್ಯಾಂಬ್ಲಿನ್ ಜೊತೆಗೂಡಿ 1980ರಲ್ಲಿ ಇದರ ಸ್ವರೂಪವನ್ನು ಗ್ರಂಥರೂಪಕ್ಕೆ ತಂದರು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ 1974ರಿಂದ ಇದು ಬೇರೂರಿ, ಚರ್ಚೆಗೆ ಏಳು ಹೆಜ್ಜೆಗಳ ಕ್ರಮ ಪಡೆಯಿತು: ಅರ್ಥವಾಗದ ಪದಗಳನ್ನು ಬಿಡಿಸಿಕೊಳ್ಳುವುದರಿಂದ ಹಿಡಿದು, ನಮಗೇನು ಗೊತ್ತಿಲ್ಲ ಎಂದು ಪಟ್ಟಿಮಾಡಿ, ಬೇರೆಬೇರೆಯಾಗಿ ಓದಿ, ಮರಳಿ ಕೂಡಿ ಹೇಳಿಕೊಳ್ಳುವವರೆಗೆ. ಗುಂಪಿನೊಡನೆ ಕೂರುವ ಟ್ಯೂಟರ್ ಉತ್ತರ ಕೊಡುವುದಿಲ್ಲ. ಗುಂಪು ಅವಸರಕ್ಕೆ ಬಿದ್ದಲ್ಲಿ ತಡೆಯುವುದು, ಹೇಗೆ ಗೊತ್ತು ಎಂದು ಕೇಳುವುದು ಅವನ ಕೆಲಸ. ಭಾರತದ ವೈದ್ಯಕೀಯ ಶಿಕ್ಷಣವೂ 2019ರಿಂದ ಸಾಮರ್ಥ್ಯಾಧಾರಿತ ಪಠ್ಯಕ್ರಮದತ್ತ ಹೊರಳಿದೆ. ಶಿಕ್ಷಕರನ್ನು ತಯಾರು ಮಾಡುವ ನಮ್ಮ ಕಾಲೇಜುಗಳು ವೈದ್ಯರನ್ನು ತಯಾರು ಮಾಡುವ ಕಾಲೇಜುಗಳಿಗಿಂತ ಬೋಧನಾಕ್ರಮದಲ್ಲಿ ಹಿಂದಿರುವುದು ವಿಚಿತ್ರವೇ ಸರಿ.

ಬೋಧನಾ ವಿನ್ಯಾಸಕ್ಕೆ ಇದನ್ನು ತಂದರೆ ಸಮಸ್ಯೆ ಹೇಗಿರಬೇಕು? ಒಂದು ಕಲ್ಪಿತ ಸಮಸ್ಯೆಯನ್ನು ಬಿಡಿಸಿ ನೋಡೋಣ. ಕೋರ್ಸಿನ ಮೊದಲ ದಿನ, ಹಂತಗಳ ಹೆಸರೂ ಕೇಳಿರದ ವಿದ್ಯಾರ್ಥಿಗಳ ಕೈಗೆ ಒಂದು ಪತ್ರ ಬರುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹೆಸರಿನಲ್ಲಿ ಬರೆದ ಪತ್ರ: ಅಂಗನವಾಡಿ ಕಾರ್ಯಕರ್ತೆಯರು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ಎತ್ತರ ಮತ್ತು ತೂಕವನ್ನು ತಪ್ಪಾಗಿ ದಾಖಲಿಸುತ್ತಿದ್ದಾರೆ, ಅವರಿಗಾಗಿ ಎರಡು ದಿನದ ತರಬೇತಿ ರೂಪಿಸಿಕೊಡಿ. ಜೊತೆಗೆ ಕೆಲವು ಕೇಂದ್ರಗಳ ಮೂರು ತಿಂಗಳ ದಾಖಲೆ. ಅವಸರದ ಗುಂಪು ಆ್ಯಪ್ ಬಳಕೆಯ ವಿಡಿಯೋ ಮಾಡಲು ಹೊರಡುತ್ತದೆ. ಟ್ಯೂಟರ್ ಒಂದೇ ಪ್ರಶ್ನೆ ಕೇಳುತ್ತಾನೆ: ತಪ್ಪು ಎಂದು ಯಾರು ಹೇಳಿದರು, ಯಾವುದನ್ನು ನೋಡಿ? ದಾಖಲೆಗೆ ಮರಳಿದರೆ ಹಲವು ಬಗೆಯ ತಪ್ಪುಗಳು ಕಾಣುತ್ತವೆ. ಕೆಲವು ಕೇಂದ್ರಗಳಲ್ಲಿ ಎರಡು ವರ್ಷ ತುಂಬಿದ ಮಕ್ಕಳ ಎತ್ತರ ಹಿಂದಿನ ತಿಂಗಳಿಗಿಂತ ಕಡಿಮೆಯಾಗಿದೆ. ಮಗು ಕುಗ್ಗಿತೇ? ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದ ಪ್ರಕಾರ ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ಆಮೇಲೆ ನಿಲ್ಲಿಸಿ ಅಳೆಯುತ್ತಾರೆ. ಎರಡು ಅಳತೆಗಳ ನಡುವೆ ಸುಮಾರು 0.7 ಸೆಂ.ಮೀ. ವ್ಯತ್ಯಾಸ ಬರುತ್ತದೆಂದು ಅದೇ ಕ್ರಮ ಹೇಳುತ್ತದೆ. ಅಂದರೆ ತಪ್ಪೆಂದು ಗುರುತಿಸಿದ್ದರಲ್ಲಿ ಕೆಲವು ಸರಿಯಾದ ಅಳತೆಗಳೇ ಇರಬಹುದು. ಹಾಗಿದ್ದರೆ ಕಲಿಸಬೇಕಾದದ್ದು ಕಾರ್ಯಕರ್ತೆಗಲ್ಲ, ದಾಖಲೆ ಪರಿಶೀಲಿಸುವ ಮೇಲ್ವಿಚಾರಕಿಗೆ. ಒಂದೂವರೆ ವರ್ಷದ ಮಗುವನ್ನು ನಿಲ್ಲಿಸಿ ಅಳೆದು ಹಾಗೇ ಬರೆದಿದ್ದರೆ ಮಾತ್ರ ಅದು ಕಲಿಕೆಯ ಕೊರತೆ. ಅದನ್ನು ನೀಗಿಸಲು ಎರಡು ದಿನ ಬೇಕಿಲ್ಲ, ಅಳತೆಪಟ್ಟಿಯ ಪಕ್ಕ ಅಂಟಿಸುವ ಒಂದು ಚಿತ್ರ ಮತ್ತು ಅರ್ಧ ದಿನದ ಅಭ್ಯಾಸ ಸಾಕಾದೀತು.

ದಾಖಲೆಯ ಇನ್ನೊಂದು ಕಡೆ ತೂಕಗಳೆಲ್ಲ ಪೂರ್ಣಾಂಕ, ದಶಮಾಂಶವೇ ಇಲ್ಲ. ಇದು ಅಜ್ಞಾನವೋ, ಕೆಟ್ಟ ತೂಕದ ಯಂತ್ರವೋ, ತಿಂಗಳ ಕೊನೆಗೆ ಎಲ್ಲವನ್ನೂ ಒಂದೇ ರಾತ್ರಿ ನೆನಪಿನಿಂದ ತುಂಬಿದ್ದೋ? ಗುಂಪು ಕೇಳಿದರೆ ಟ್ಯೂಟರ್ ಇನ್ನೊಂದು ಕಾಗದ ಕೊಡುತ್ತಾನೆ, ಕೇಳದಿದ್ದರೆ ಇಲ್ಲ. ಅದರಲ್ಲಿ ಕಾರ್ಯಕರ್ತೆಯೊಬ್ಬಳ ಮಾತಿದೆ: ಯಂತ್ರ ಕೆಟ್ಟು ತಿಂಗಳುಗಳಾದವು, ತೀವ್ರ ಅಪೌಷ್ಟಿಕ ಎಂದು ಬರೆದರೆ ಆ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುವ ಹೊಣೆ ನನ್ನದೇ, ತಾಯಿ ಕೂಲಿ ಬಿಟ್ಟು ಬರಲೊಲ್ಲಳು, ಮೇಲಿನವರು ಕೇಳುವುದು ನನ್ನನ್ನು. ಮೇಗರ್ ಅವರ ಪರೀಕ್ಷೆಗೆ ಇಲ್ಲಿ ಉತ್ತರ ಸ್ಪಷ್ಟ. ಆಕೆಗೆ ತೂಕ ನೋಡಲು ಬರುತ್ತದೆ. ನೋಡಿದ್ದನ್ನು ಬರೆಯುವುದಕ್ಕೆ ಅಡ್ಡಿಯಿದೆ. ತಾಲ್ಲೂಕಿನ ಎಲ್ಲರನ್ನೂ ಎರಡು ದಿನ ಕೂರಿಸಿ ಕಲಿಸಿದರೆ ಕೇಂದ್ರಗಳು ಎರಡು ದಿನ ಮುಚ್ಚಿರುತ್ತವೆ, ಅಷ್ಟೇ. ವಿದ್ಯಾರ್ಥಿಗಳ ಅಂತಿಮ ವರದಿಯಲ್ಲಿ ಒಂದು ಚಿಕ್ಕ ತರಬೇತಿ, ಮೇಲ್ವಿಚಾರಕಿಯರಿಗೆ ಒಂದು ಟಿಪ್ಪಣಿ, ಯಂತ್ರದ ರಿಪೇರಿಗೆ ಒಂದು ಶಿಫಾರಸು ಇರಬಹುದು. ಈ ಬಿಡಿಸುವಿಕೆಯ ನಡುವೆಯೇ ಉದ್ದೇಶ ಬರೆಯುವುದು, ಕೆಲಸದ ವಿಶ್ಲೇಷಣೆ, ಪಾಠವೊಂದರ ಹೆಜ್ಜೆಗಳನ್ನು ಕ್ರಮವಾಗಿ ಹೇಳುವ ಗಾನ್ಯೆಯವರ ಬೋಧನಾ ಘಟನೆಗಳು ಎಲ್ಲವೂ ಬೇಕಾಗುತ್ತವೆ. ಬೇಕೆನಿಸಿದ ಹೊತ್ತಿಗೆ ಪುಸ್ತಕ ತೆರೆದು ಓದಿದ್ದಕ್ಕೂ ಪರೀಕ್ಷೆಗೆಂದು ಓದಿದ್ದಕ್ಕೂ ವ್ಯತ್ಯಾಸವಿದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ಬಲವಾದದ್ದು 2006ರಲ್ಲಿ ಪಾಲ್ ಕರ್ಷನರ್, ಜಾನ್ ಸ್ವೆಲ್ಲರ್, ರಿಚರ್ಡ್ ಕ್ಲಾರ್ಕ್ ಒಟ್ಟಾಗಿ ಬರೆದ ಲೇಖನದ್ದು. ಹೊಸ ಕಲಿಕಾರ್ಥಿಯ ಮನಸ್ಸು ಒಮ್ಮೆಗೆ ಹಿಡಿದುಕೊಳ್ಳಬಲ್ಲದ್ದು ತೀರ ಸ್ವಲ್ಪ. ಪರಿಹಾರ ಹುಡುಕುವ ತಡಕಾಟದಲ್ಲೇ ಅದೆಲ್ಲ ಖರ್ಚಾದರೆ ಕಲಿಯಲು ಏನೂ ಉಳಿಯುವುದಿಲ್ಲ. ಆದ್ದರಿಂದ ಸಮಸ್ಯಾಧಾರಿತ ಕಲಿಕೆಯಂಥ ಕ್ರಮಗಳು ಹೊಸಬರಿಗೆ ಒಗ್ಗುವುದಿಲ್ಲ ಎಂಬುದು ಅವರ ವಾದ. ಇದರ ಹಿಂದೆ ಗಟ್ಟಿ ಪ್ರಯೋಗಗಳಿವೆ. ಬೀಜಗಣಿತದಲ್ಲಿ ಬಿಡಿಸಿಟ್ಟ ಲೆಕ್ಕಗಳನ್ನು ಓದಿದವರು ತಾವೇ ಲೆಕ್ಕ ಬಿಡಿಸುತ್ತಾ ಕೂತವರಿಗಿಂತ ಬೇಗ ಕಲಿತದ್ದನ್ನು ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲೇ ತೋರಿಸಿದ್ದರು. ಮರುವರ್ಷ, ಅಂದರೆ 2007ರಲ್ಲಿ, ಸಿಂಡಿ ಹ್ಮೆಲೋ-ಸಿಲ್ವರ್ ಮತ್ತು ಸಂಗಡಿಗರು ಕರ್ಷನರ್ ತಂಡಕ್ಕೆ ಉತ್ತರಿಸಿ, ಸಮಸ್ಯಾಧಾರಿತ ಕಲಿಕೆಯಲ್ಲಿ ಮಾರ್ಗದರ್ಶನ ಕಡಿಮೆ ಎಂಬುದೇ ತಪ್ಪು ಗ್ರಹಿಕೆ, ಅಲ್ಲಿ ಆಸರೆ ಬೇಕಾದಷ್ಟಿರುತ್ತದೆ ಎಂದರು. ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದು ಹೇಳಿ ತಪ್ಪಿಸಿಕೊಳ್ಳಲು ನನಗೆ ಇಷ್ಟವಿಲ್ಲ. ಕರ್ಷನರ್ ತಂಡದ ಸಾಕ್ಷ್ಯ ಸರಿ, ಅದರಿಂದ ಅವರು ಎಳೆದ ತೀರ್ಮಾನ ಅತಿ ವಿಶಾಲ. ಹೇಳಿಯೇ ಕೊಟ್ಟ, ಒಂದೇ ಉತ್ತರವಿರುವ ಸಮಸ್ಯೆಯಲ್ಲಿ ಬಿಡಿಸಿಟ್ಟ ಉದಾಹರಣೆ ಸಾಕು. ಮಾಡಬೇಕಾದ ಕೆಲಸ ಸಮಸ್ಯೆಯನ್ನು ಹೇಳಿಕೊಳ್ಳುವುದೇ ಆಗಿರುವಾಗ ಬರೀ ಬಿಡಿಸಿಟ್ಟ ಉದಾಹರಣೆಯಿಂದ ಅದು ಬರುವುದಿಲ್ಲ. ಆದರೆ ಅವರ ಎಚ್ಚರಿಕೆಯಿಂದ ನಮ್ಮ ಕೋರ್ಸಿಗೆ ನೇರ ಪಾಠವೊಂದಿದೆ: ಮೊದಲ ಸಮಸ್ಯೆಯ ಜೊತೆಗೆ, ಅದರಂಥದೇ ಇನ್ನೊಂದನ್ನು ನುರಿತವರು ಬಿಡಿಸಿದ ಕಡತವನ್ನು ಕೊಡಬೇಕು, ಆ ಕಡತದಲ್ಲಿ ಅವರು ಹೊಡೆದುಹಾಕಿದ ಟಿಪ್ಪಣಿಗಳೂ ಇರಬೇಕು. ಎರಡನೆಯ ಸಮಸ್ಯೆಗೆ ಅರ್ಧ ಕಡತ. ಮೂರನೆಯದಕ್ಕೆ ಏನೂ ಇಲ್ಲ. ವಾನ್ ಮೆರಿಯನ್‌ಬೂರ್ ರೂಪಿಸಿದ ನಾಲ್ಕು ಘಟಕಗಳ ಮಾದರಿ ಹೇಳುವುದೂ ಇದನ್ನೇ: ಕೆಲಸವನ್ನು ಚೂರುಮಾಡದೆ ಇಡಿಯಾಗಿಯೇ ಕೊಡಿ, ಸುಲಭದಿಂದ ಕಷ್ಟಕ್ಕೆ ಸಾಗಿ, ಆಸರೆಯನ್ನು ಮೆಲ್ಲಗೆ ತೆಗೆಯಿರಿ. ಕಲಿತವರಿಗೆ ಅದೇ ಆಸರೆ ತೊಡರಾಗುತ್ತದೆ ಎಂಬುದನ್ನು ತೋರಿಸಿದವರಲ್ಲಿ ಸ್ವೆಲ್ಲರ್ ಅವರೂ ಒಬ್ಬರು.

ಫಲಿತಾಂಶಗಳ ಲೆಕ್ಕಕ್ಕೆ ಬಂದರೆ, ಡೋಖಿ ಮತ್ತು ಸಂಗಡಿಗರು 2003ರಲ್ಲಿ 43 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಕೌಶಲದಲ್ಲಿ ಸಮಸ್ಯಾಧಾರಿತ ಕ್ರಮದವರು ಮುಂದು. ವಿಷಯಜ್ಞಾನದ ಪರೀಕ್ಷೆಯಲ್ಲಿ ತುಸು ಹಿಂದೆ. ಆದರೆ ಕಲಿತದ್ದನ್ನು ಹೆಚ್ಚು ಕಾಲ ನೆನಪಿಟ್ಟುಕೊಂಡಿದ್ದರು. ಅದೇ ಬಳಗದ 2005ರ ಮರುವಿಶ್ಲೇಷಣೆಯಲ್ಲಿ, ಪರಿಕಲ್ಪನೆಗಳನ್ನು ಜೋಡಿಸುವ ತತ್ವಗಳ ತಿಳಿವಳಿಕೆಯನ್ನು ಅಳೆದಾಗ ಲಾಭ ಹೆಚ್ಚು ಕಂಡಿತು. ಈ ಸಂಖ್ಯೆಗಳನ್ನು ತೋರಿಸಿ ಬೋಧನಾ ವಿನ್ಯಾಸಕ್ಕೂ ಇದೇ ಸಿದ್ಧೌಷಧ ಎನ್ನುವವರಿದ್ದಾರೆ. ಅಷ್ಟು ದೂರ ಹೋಗುವುದು ಸರಿಯಲ್ಲ. ಈ ಅಧ್ಯಯನಗಳಲ್ಲಿ ಬಹುಪಾಲು ವೈದ್ಯಕೀಯ ಕಾಲೇಜುಗಳವು, ಮತ್ತು ವೈದ್ಯನ ಸಮಸ್ಯೆಗೂ ವಿನ್ಯಾಸಕನ ಸಮಸ್ಯೆಗೂ ಒಂದು ಮೂಲಭೂತ ಅಂತರವಿದೆ. ರೋಗನಿದಾನಕ್ಕೆ ಕೊನೆಗೊಂದು ಸರಿ ಉತ್ತರವಿದೆ. ಗುಂಪು ದಾರಿ ತಪ್ಪಿದರೆ ಟ್ಯೂಟರ್‌ಗೆ ತಿಳಿಯುತ್ತದೆ. ಡೇವಿಡ್ ಜೊನಾಸೆನ್ 2000ದಲ್ಲಿ ಸಮಸ್ಯೆಗಳನ್ನು ವರ್ಗೀಕರಿಸಿದಾಗ ವಿನ್ಯಾಸದ ಸಮಸ್ಯೆಗಳನ್ನು ಅತ್ಯಂತ ಅವ್ಯವಸ್ಥಿತವಾದವುಗಳ ಸಾಲಿಗೆ ಸೇರಿಸಿದ್ದರು. ಸರಿ ಉತ್ತರವಿಲ್ಲದಲ್ಲಿ ಏನು ಬೇಕಾದರೂ ನಡೆದೀತು ಎಂಬ ಸಡಿಲುತನ ಬರಬಹುದು. ಅದನ್ನು ತಡೆಯುವುದು ಸಮಸ್ಯೆಯೊಳಗೆ ಅಡಗಿಸಿಟ್ಟ ದಾಖಲೆ. ಅಂಗನವಾಡಿ ಸಮಸ್ಯೆಯಲ್ಲಿ ಹಲವು ಒಳ್ಳೆಯ ಉತ್ತರಗಳಿರಬಹುದು, ಆದರೆ ಕುಗ್ಗಿದ ಎತ್ತರವನ್ನು ವಿವರಿಸದ ಉತ್ತರ ಖಂಡಿತ ತಪ್ಪು.

ಕರ್ನಾಟಕಕ್ಕೆ ಈ ಚರ್ಚೆ ಹೊರಗಿನದೇನಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಬೋಧನಾಕ್ರಮ ಒಂದು ಸಮಸ್ಯೆಯಿಂದಲೇ ಹುಟ್ಟಿದ್ದು: ಒಂದೇ ಕೋಣೆಯಲ್ಲಿ ಹಲವು ತರಗತಿ, ಹಲವು ಮಟ್ಟದ ಮಕ್ಕಳು, ದಿನ ಬಿಟ್ಟು ದಿನ ಬರುವ ಹಾಜರಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಕೆಲಸವನ್ನು ಕಂಡು ಬಂದ ಸರ್ಕಾರಿ ಶಾಲಾ ಶಿಕ್ಷಕರು ಕಾರ್ಡು, ಮೈಲಿಗಲ್ಲು, ಕಲಿಕಾ ಏಣಿಗಳನ್ನು ತಾವೇ ಕೂತು ರೂಪಿಸಿದರು. ಯಾವ ಬಿ.ಎಡ್. ಪತ್ರಿಕೆಯೂ ಕಲಿಸದ ಬೋಧನಾ ವಿನ್ಯಾಸ ಅದು, ಮತ್ತು ಅದರ ವಿಶ್ಲೇಷಣೆಯ ಹಂತ ಕಾಗದದ ಮೇಲಿನದಾಗಿರಲಿಲ್ಲ. ಮುಂದೆ 2009ರ ಸುಮಾರಿಗೆ ಕ್ರಮ ಇಡೀ ರಾಜ್ಯಕ್ಕೆ ವಿಸ್ತರಿಸಿದಾಗ ಕಾರ್ಡುಗಳು ಸಿದ್ಧವಾಗಿಯೇ ಶಾಲೆ ತಲುಪಿದವು. ವಸ್ತು ಊರಿಂದೂರಿಗೆ ಹೋಗುತ್ತದೆ, ಆ ವಸ್ತುವನ್ನು ಹುಟ್ಟಿಸಿದ ಯೋಚನೆ ಅದರ ಜೊತೆ ಹೋಗುವುದಿಲ್ಲ. ಕಾರ್ಡು ಏಕೆ ಹೀಗಿದೆ ಎಂದು ತಿಳಿಯದ ಶಿಕ್ಷಕ ಅದನ್ನು ಬಳಸಬಲ್ಲ, ತನ್ನ ಶಾಲೆಗೆ ತಕ್ಕಂತೆ ತಿದ್ದಲಾರ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ (ಡಯಟ್) ನಲಿ-ಕಲಿಯ ಬಳಕೆಯನ್ನು ಕಲಿಸುವುದಕ್ಕಿಂತ, ಹೆಗ್ಗಡದೇವನಕೋಟೆಯ ಆ ಶಿಕ್ಷಕರ ಮುಂದಿದ್ದ ಸಮಸ್ಯೆಯನ್ನೇ ಪ್ರಶಿಕ್ಷಣಾರ್ಥಿಗಳಿಗೆ ಕೊಟ್ಟು, ತಮ್ಮ ಉತ್ತರ ಕಟ್ಟಿಕೊಂಡ ಮೇಲೆ ಕಾರ್ಡುಗಳೊಂದಿಗೆ ಹೋಲಿಸಲು ಹೇಳಿದರೆ ಹೆಚ್ಚು ದಕ್ಕೀತು.

ನಮ್ಮ ತರಗತಿಗಳಲ್ಲಿ ಇದೆಲ್ಲ ಆಗುವ ಮಾತೇ ಎಂಬ ಪ್ರಶ್ನೆಯನ್ನು ಬೇಗ ಮುಗಿಸಬಹುದು. ಬಿ.ಎಡ್. ಘಟಕವೊಂದರಲ್ಲಿ 50 ವಿದ್ಯಾರ್ಥಿಗಳು, ಅವರಿಗೆ ಈ ಪತ್ರಿಕೆ ಕಲಿಸಲು ಒಬ್ಬರೇ ಅಧ್ಯಾಪಕರು. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯ 1990ರ ದಶಕದಲ್ಲಿ ದೊಡ್ಡ ವಿಜ್ಞಾನ ತರಗತಿಗಳಲ್ಲೇ ಇದನ್ನು ಮಾಡಿತು. ಅಲ್ಲಿ ಗುಂಪುಗಳ ನಡುವೆ ಅಧ್ಯಾಪಕರು ಓಡಾಡಿಕೊಂಡಿದ್ದರು, ಹಿಂದಿನ ವರ್ಷದ ವಿದ್ಯಾರ್ಥಿಗಳು ಟ್ಯೂಟರ್‌ಗಳಾದರು. ನಮ್ಮ ಎರಡನೆಯ ವರ್ಷದ ಪ್ರಶಿಕ್ಷಣಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೇನಿದ್ದೀತು. ಸಂಖ್ಯೆಗಿಂತ ದೊಡ್ಡ ಅಪಾಯ ಬೇರೆ ಇದೆ. ಮೂರು ದಶಕಗಳ ನಂತರ 2005ರಲ್ಲಿ ಮಾಸ್ಟ್ರಿಕ್ಟ್‌ನ ಅಧ್ಯಾಪಕರೇ ತಮ್ಮಲ್ಲಿನ ಸವೆತದ ಕುರಿತು ಬರೆದುಕೊಂಡರು: ವಿದ್ಯಾರ್ಥಿಗಳು ಮೊದಲ ಚರ್ಚೆಯನ್ನು ಹಾರಿಸುತ್ತಾರೆ, ಗುಂಪುಗಳು ದೊಡ್ಡದಾಗಿವೆ, ಏನು ಓದಬೇಕೆಂಬ ಪಟ್ಟಿಯನ್ನು ಅಧ್ಯಾಪಕರೇ ಕೊಡುತ್ತಿದ್ದಾರೆ. ಏಳು ಹೆಜ್ಜೆಗಳೂ ಐದು ಹಂತಗಳಂತೆಯೇ ಶಾಸ್ತ್ರಕ್ಕೆ ಮಾಡುವ ಪೂಜೆಯಾಗಬಲ್ಲವು. ಅದೇ ಅಂಗನವಾಡಿ ಪತ್ರ ಐದು ವರ್ಷ ಅದೇ ಕಾಲೇಜಿನಲ್ಲಿ ಓಡಾಡಿದರೆ, ಅದರ ಉತ್ತರ ಝೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಸಮಸ್ಯೆಗಳನ್ನು ಪ್ರತಿ ವರ್ಷ ಬದಲಾಯಿಸುವುದು, ಅದಕ್ಕಾಗಿ ತಾಲ್ಲೂಕಿನ ಕಚೇರಿ, ಆಸ್ಪತ್ರೆ, ಸಹಕಾರ ಸಂಘಗಳಿಂದ ನಿಜವಾದ ಕೋರಿಕೆಗಳನ್ನು ತರುವುದು ಅಧ್ಯಾಪಕರ ಮುಖ್ಯ ಕೆಲಸವಾಗಬೇಕಾಗುತ್ತದೆ. ಉಪನ್ಯಾಸ ತಯಾರಿಗಿಂತ ಇದು ಹೆಚ್ಚು ದುಡಿಮೆ ಬೇಡುತ್ತದೆ ಎಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ.

ಉಳಿದದ್ದು ಅಂಕದ ವಿಚಾರ. ಪರೀಕ್ಷೆ ಹೇಗಿರುತ್ತದೋ ಕಲಿಕೆ ಹಾಗೇ ಇರುತ್ತದೆ ಎಂಬುದನ್ನು ಅರಿತೇ ಮಾಸ್ಟ್ರಿಕ್ಟ್ ಪ್ರಗತಿ ಪರೀಕ್ಷೆಯೆಂಬ ಬೇರೆ ವ್ಯವಸ್ಥೆ ಮಾಡಿಕೊಂಡಿತು. ಎಲ್ಲ ವರ್ಷದ ವಿದ್ಯಾರ್ಥಿಗಳೂ ವರ್ಷದಲ್ಲಿ ಹಲವು ಬಾರಿ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಿದ್ದರು. ಪತ್ರಿಕೆ ಪದವಿ ಮುಗಿಸುವವನ ಮಟ್ಟದ್ದು, ಗೊತ್ತಿಲ್ಲ ಎಂಬ ಉತ್ತರಕ್ಕೂ ಅಲ್ಲಿ ಜಾಗವಿತ್ತು. ಅದಕ್ಕೆಂದೇ ಓದಿ ತಯಾರಾಗುವುದು ಅಸಾಧ್ಯವಾಗಿತ್ತು, ಆದ್ದರಿಂದ ಸಮಸ್ಯೆಯ ಓದನ್ನು ಪರೀಕ್ಷೆಯ ಓದು ನುಂಗುತ್ತಿರಲಿಲ್ಲ. ನಮ್ಮಲ್ಲಿ ಅಷ್ಟು ದೊಡ್ಡ ಬದಲಾವಣೆಗೆ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯೇ ಮನಸ್ಸು ಮಾಡಬೇಕು. ಆದರೆ ಆಂತರಿಕ ಅಂಕ ಅಧ್ಯಾಪಕರ ಕೈಯಲ್ಲೇ ಇದೆ, ಮೊದಲ ಬದಲಾವಣೆಗೆ ಅಷ್ಟು ಸಾಕು. ಮಾಡ್ಯೂಲ್‌ನ ಅಂದಕ್ಕೆ ಕೊಡುವ ಅಂಕದಲ್ಲಿ ಒಂದು ಪಾಲನ್ನು ತೆಗೆದು, ವಿದ್ಯಾರ್ಥಿ ಸಮಸ್ಯೆಯನ್ನು ಮೊದಲು ಹೇಗೆ ಹೇಳಿಕೊಂಡಿದ್ದ, ಯಾವ ಸಾಕ್ಷ್ಯ ಕಂಡು ಅದನ್ನು ಬದಲಿಸಿದ ಎಂಬ ಬರವಣಿಗೆಗೆ ಕೊಡಬಹುದು. ವರ್ಷಕ್ಕೆ ಒಂದು ಸಮಸ್ಯೆಯಾದರೂ ತರಬೇತಿ ಬೇಡ ಎಂಬ ಉತ್ತರವನ್ನೇ ಬೇಡುವಂಥದ್ದಿರಬೇಕು. ಯಾವುದು ಎಂದು ಮುಂಚೆ ಹೇಳಬಾರದು. ಸಾಕ್ಷ್ಯದೊಡನೆ ಬೇಡ ಎಂದು ಬರೆದ ನಾಲ್ಕು ಪುಟದ ವರದಿಗೂ, ನಲವತ್ತು ಸ್ಲೈಡಿನ ಮಾಡ್ಯೂಲ್‌ಗೂ ಗರಿಷ್ಠ ಅಂಕ ಒಂದೇ ಇರಬೇಕು. ಮೌಖಿಕ ಪರೀಕ್ಷೆಯಲ್ಲಿ ಅಧ್ಯಾಪಕರ ಪಕ್ಕ ಕೋರಿಕೆ ಕಳಿಸಿದ ಕಚೇರಿಯವರೊಬ್ಬರು ಕೂತು, ಹಾಗಾದರೆ ನಾನು ನಾಳೆ ಏನು ಮಾಡಲಿ ಎಂದು ವಿದ್ಯಾರ್ಥಿಯನ್ನು ಕೇಳಬೇಕು.